ಡ್ರಿಲ್ಲಿನಲ್ಲಿ ಕಡೆದ ಮಜ್ಜಿಗೆ

“ತಮ್ಮಾ, ನಿನ್ನ ಮಷಿನ್ನಿಗೆ ಕರೆಂಟ್ ಬ್ಯಾಡಲ್ಲಾ, ಇದನ್ನ ತಿರುಗಸು” ಎಂದು ಗುಡೂರಿನ ನಮ್ಮ ಸೋದರತ್ತೆ ಸ್ಟೀಲಿನ ಕಡಗೋಲನ್ನು ಕೈಗಿಟ್ಟರು. ಅವರ ಮಗಳನ್ನು ನೋಡಲು ಬಾದಾಮಿಯಿಂದ ಬಂದವರು ಊಟಕ್ಕೆ ಕುಳಿತಿದ್ದರು. ಕರೆಂಟ್ ಹೋಗಿ ಮಿಕ್ಸರ್ ನಿಂತಿತ್ತು. ಕಿಟಕಿಗೆ ಪರದೆಯ ಸರಳು ಕೂರಿಸಲು ನಾನು ತಂದಿದ್ದ ಬ್ಯಾಟರಿ ಡ್ರಿಲ್ಲಿಗೆ ಕಡಗೋಲು ಸಿಕ್ಕಿಸಿ, ಮೊಸರಿಗಿಳಿಸಿ ಗುಂಡಿ ಒತ್ತಿದೆ. ವೇಗ ತಗ್ಗಿಸುವುದನ್ನು ಮರೆತಿದ್ದೆ. ಮಜ್ಜಿಗೆ ಹಾರಿ, ಅಡುಗೆಮನೆಯ ಬಾಗಿಲಲ್ಲೇ ಕುಳಿತಿದ್ದ ವರನ ತಂದೆಯ ಮುಖ, ಬಿಳಿ ಅಂಗಿಯ ಮೇಲೆಲ್ಲ ಬಿತ್ತು. ಅತ್ತೆ ಟವೆಲ್ ಹಿಡಿದು ಓಡಿಬಂದರು. ಆ ಹಿರಿಯರು ಮೀಸೆ ಸವರಿ, ರುಚಿ ನೋಡಿ, “ಉಪ್ಪು ಚೂರು ಕಡಿಮಿ ಐತ್ರಿ” ಎಂದರು.

ಸಂಬಂಧ ಕುದುರಿತು. ಡ್ರಿಲ್ಲಿನ ಸಂದುಗಳಿಂದ ಮಜ್ಜಿಗೆ ತೆಗೆಯಲು ಮಾತ್ರ ಬ್ರಶ್ಶು, ಒಣಬಟ್ಟೆ ಹಿಡಿದು ಇಡೀ ಭಾನುವಾರ ಕುಳಿತೆ. ಈಗ ಬ್ಯಾಟರಿಯನ್ನು ಸದಾ ಚಾರ್ಜ್ ಮಾಡಿಟ್ಟಿರುತ್ತೇನೆ. ಅತ್ತೆಗೆ ಇನ್ನೊಬ್ಬಳು ಮಗಳಿದ್ದಾಳೆ.