ಎರಡನೇ ಮಹಡಿಯ ಮೊಲ

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಮೊಲ ಬಂದದ್ದು, ಎದುರು ಮನೆಯ ಹುಡುಗಿ ಮೂರನೇ ಇಯತ್ತೆಯಲ್ಲಿ ಮೊದಲ ನಂಬರು ಬಂದಳೆಂಬ ಕಾರಣಕ್ಕೆ. ಎರಡನೇ ನಂಬರು ಬಂದಿದ್ದರೆ ಒಂದು ಜ್ಯಾಮಿಟ್ರಿ ಡಬ್ಬಿಯಲ್ಲಿ ಮುಗಿಯುತ್ತಿತ್ತು, ಮೊಲವೂ ಪಾರಾಗುತ್ತಿತ್ತು. ಆದರೆ ಹುಡುಗಿ ಜಾಣೆ.

ಅದು ಎಂಬತ್ತರ ದಶಕದ ಕೊನೆ. ನಾನು ಧಾರವಾಡದ ಕಡೆಯಿಂದ ಬಂದು, ಮುಂಬೈ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ನಾಲ್ಕು ವರ್ಷವಾಗಿತ್ತು. ನಮ್ಮದು ಮೂರು ಮಹಡಿಯ ಕಟ್ಟಡ, ನಾವಿದ್ದದ್ದು ಎರಡನೆಯದರಲ್ಲಿ. ಪ್ರತಿ ಮಹಡಿಯಲ್ಲಿ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಒಂದೇ ಗ್ಯಾಲರಿ. ಎದುರು ಮನೆಯವರು ಉಡುಪಿ ಕಡೆಯವರು. ಯಜಮಾನರು ಠಾಣೆ ಶಹರದ ಒಂದು ಹೊಟೇಲಿನಲ್ಲಿ ಮ್ಯಾನೇಜರ್. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಊಟ ಮುಗಿಸಿ ಎಲ್ಲರೂ ಮಲಗುವ ಹೊತ್ತಿಗೆ ಬರುವವರು. ಮನೆಯಲ್ಲಿ ಹೆಂಡತಿ, ಮಗಳು, ಮತ್ತು ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದ ತಾಯಿ.

ಮ್ಯಾನೇಜರು ಒಂದು ಭಾನುವಾರ ಮುಂಬೈಗೆ ಹೋಗಿ ಬಿಳಿಯ ಮೊಲವನ್ನು ಬಿಸ್ಕತ್ತಿನ ರಟ್ಟಿನ ಡಬ್ಬಿಯಲ್ಲಿ ತಂದರು. ಸೇಬಿನ ಪೆಟ್ಟಿಗೆಗೆ ತಂತಿಜಾಳಿಗೆ ಹೊಡೆಸಿ ಗ್ಯಾಲರಿಯ ಮೂಲೆಯಲ್ಲಿಟ್ಟರು. ಮೊದಲ ವಾರ ಅದಕ್ಕೆ ಸಿಕ್ಕ ಮರ್ಯಾದೆ ನಮ್ಮ ವಾರ್ಡಿನ ನಗರಸೇವಕರಿಗೂ ಸಿಕ್ಕಿರಲಿಲ್ಲ. ಹನ್ನೆರಡೂ ಮನೆಯವರು ಬಂದು ನೋಡಿದರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಮಿಕ್ಕದ್ದನ್ನು ಜಾಳಿಗೆಯೊಳಗೆ ತೂರಿಸಿದರು: ಚಪಾತಿ, ಶೇವು, ಸಾಬುದಾಣೆ ಖಿಚಡಿ. ಮ್ಯಾನೇಜರು ಸ್ವತಃ ಹೊಟೇಲಿನಿಂದ ಇಡ್ಲಿ ತರುತ್ತಿದ್ದರು. ಇಡ್ಲಿ ಒಗ್ಗದ ಪ್ರಾಣಿಯೊಂದು ಭೂಮಿಯ ಮೇಲೆ ಇರಬಹುದೆಂಬ ಶಂಕೆ ಅವರಿಗೆ ಕನಸಿನಲ್ಲೂ ಬಂದಿರಲಿಕ್ಕಿಲ್ಲ.

ಎರಡನೇ ತಿಂಗಳಿಗೆ ಮೊಲ ಹಳತಾಯಿತು. ಹುಡುಗಿ ಅದರ ಹತ್ತಿರ ಹೋಗುವುದನ್ನು ಬಿಟ್ಟಳು. ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಮರಾಠಿ ಪೇಪರು ಬದಲಾಗದೆ ಹಳೆಯ ಸುದ್ದಿಯ ಮೇಲೆ ಹಿಕ್ಕೆಯ ರಾಶಿ ಬಿದ್ದಿತು. ನೀರಿನ ಬಟ್ಟಲು ಹೆಚ್ಚಿನ ದಿನ ಒಣಗಿರುತ್ತಿತ್ತು. ಆಗ ಡೊಂಬಿವಲಿಯಲ್ಲಿ ನಲ್ಲಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದು ತಾಸು. ಮನುಷ್ಯರಿಗೇ ನೀರಿಲ್ಲ, ಮೊಲಕ್ಕೆ ಎಲ್ಲಿಂದ ತರುವುದು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ಹಾಗೆ ನಿಟ್ಟುಸಿರು ಬಿಟ್ಟವರೇ ಸಂಜೆ ಗ್ಯಾಲರಿಯ ತುಳಸಿಗೆ ಚೊಂಬುಗಟ್ಟಲೆ ಹೊಯ್ಯುತ್ತಿದ್ದರು. ಆ ಪೈಕಿ ನಾನೂ ಒಬ್ಬ.

ಮೊಲ ಬಡಕಲಾಗುತ್ತ ಬಂದಿತು. ಹಾಕಿದ ತಿಂಡಿ ಹಾಗೇ ಬಿದ್ದಿರುತ್ತಿತ್ತು. ಇಷ್ಟು ಹಾಕಿದರೂ ಮುಟ್ಟುವುದಿಲ್ಲ, ಸೊಕ್ಕು ನೋಡಿ ಎಂದು ಕೆಳಗಿನ ಮಹಡಿಯವರು ತೀರ್ಪು ಕೊಟ್ಟರು. ನಾವು ಕೆಲವರು ಮಾತ್ರ ಮರುಗುವವರು. ನಮ್ಮ ಮರುಕ ಬೆಳಗಿನ ಲೋಕಲ್ ರೈಲಿನಲ್ಲಿ ನಡೆಯುತ್ತಿತ್ತು. ನಮ್ಮದೊಂದು ಗುಂಪಿತ್ತು, ದಿನಾ ಅದೇ ಡಬ್ಬಿ, ಅದೇ ಸೀಟು. ಡೊಂಬಿವಲಿಯಿಂದ ಮುಂಬ್ರಾವರೆಗೆ ಮೊಲದ ಸ್ಥಿತಿ, ಮುಂಬ್ರಾದಿಂದ ಠಾಣೆಯವರೆಗೆ ಮ್ಯಾನೇಜರರ ಕಲ್ಲು ಹೃದಯ, ಅಲ್ಲಿಂದ ಮುಂದೆ ದೇಶದ ಅಧೋಗತಿ. ಇಳಿಯುವಾಗ ಎಲ್ಲರ ಮನಸ್ಸೂ ಹಗುರಾಗಿರುತ್ತಿತ್ತು.

ಹೀಗೆ ಮಾತಾಡಿ ಮಾತಾಡಿ ಒಂದು ದಿನ ನನಗೆ ಏನಾದರೂ ಮಾಡಲೇಬೇಕು ಅನಿಸಿತು. ಮಾಡಿದ್ದೇನೆಂದರೆ ಮ್ಯಾನೇಜರರಿಗೆ ಒಂದು ಪತ್ರ. ಹೆಸರಿಲ್ಲದ ಪತ್ರ. ಊಟದ ವಿರಾಮದಲ್ಲಿ ಕಚೇರಿಯ ಟೈಪ್‌ರೈಟರಿನ ಮೇಲೆ, ಇಂಗ್ಲಿಷಿನಲ್ಲಿ, ಒಂದೂವರೆ ಪುಟ. ಮೂಕಪ್ರಾಣಿಗಳ ಶಾಪ, ನಾಗರಿಕ ಸಮಾಜದ ಲಕ್ಷಣ, ಕಾನೂನಿನ ಕಣ್ಣು ಎಲ್ಲವೂ ಅದರಲ್ಲಿ ಬಂದವು. ನೀರು ಎಂಬ ಪದ ಮಾತ್ರ ಒಂದು ಕಡೆಯೂ ಬರಲಿಲ್ಲ. ಪತ್ರವನ್ನು ಅಂಚೆಗೆ ಹಾಕಿದೆ. ಅವರ ಮನೆಗೂ ನಮ್ಮ ಮನೆಗೂ ಏಳು ಹೆಜ್ಜೆ ಅಂತರ; ಪತ್ರ ಮೂರು ದಿನಕ್ಕೆ ತಲುಪುವುದನ್ನು ಕಾದೆ.

ತಲುಪಿತು. ಮರುದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಮೇಲೆ ಒಂದು ಗೋಣಿತಾಟು ಇಳಿಬಿದ್ದಿತ್ತು. ಮೊಲ ಯಾರಿಗೂ ಕಾಣದಂತೆ ಮುಚ್ಚಿದ್ದರು. ಇದ್ದ ಗಾಳಿ ಬೆಳಕೂ ನನ್ನ ಇಂಗ್ಲಿಷಿನಿಂದ ಹೋಯಿತು.

ಆಮೇಲೆ ವಿಷಯ ನಮ್ಮ ಕಟ್ಟಡದ ಸೊಸೈಟಿಯ ಸಭೆಗೆ ಹೋಯಿತು. ನಮ್ಮ ಸೆಕ್ರೆಟರಿ ರೇಲ್ವೆಯಿಂದ ನಿವೃತ್ತರಾದ ಮರಾಠಿ ಸಜ್ಜನರು, ನಿಯಮದ ಪುಸ್ತಕ ತೊಡೆಯ ಮೇಲಿಲ್ಲದೆ ಕುರ್ಚಿಯಲ್ಲಿ ಕೂತವರಲ್ಲ. ಅದರಲ್ಲಿ ನಾಯಿ ಇತ್ತು, ಎಮ್ಮೆ ಇತ್ತು, ಮೊಲ ಇರಲಿಲ್ಲ. ಮೊಲವನ್ನು ಯಾವುದರಲ್ಲಿ ಸೇರಿಸುವುದೆಂಬ ಚರ್ಚೆ ಚಹಾ ಬರುವವರೆಗೂ ನಡೆಯಿತು. ಮ್ಯಾನೇಜರು ಅಂದು ರಜೆ ಹಾಕಿ ಬಂದಿದ್ದರು. ಎಲ್ಲವನ್ನೂ ಕೇಳಿ ಎದ್ದು ನಿಂತು, ಅದು ನನ್ನ ಮನೆಯ ವಿಷಯ ಎಂದಷ್ಟೇ ಹೇಳಿ ಹೊರಟುಹೋದರು. ಸಭೆ ತನ್ನ ತೀವ್ರ ಕಳವಳವನ್ನು ಠರಾವು ಮಾಡಿ ಪುಸ್ತಕದಲ್ಲಿ ಬರೆದುಕೊಂಡಿತು. ಎಲ್ಲರೂ ಸಹಿ ಹಾಕಿದೆವು. ಮೇಲೆ ಮನೆಗೆ ಹೋಗುವಾಗ ಗೋಣಿತಾಟಿನ ಪಕ್ಕದಲ್ಲೇ ಹಾದುಹೋದೆವು.

ಇಷ್ಟೂ ದಿನ ನನ್ನ ಹೆಂಡತಿ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಕೂಸು ಐದು ತಿಂಗಳದಾದ ಮೇಲೆ ಬಂದಳು. ಸಂಜೆ ಚಹಾ ಕುಡಿಯುತ್ತ, ಗ್ಯಾಲರಿಯಲ್ಲಿರುವ ಆ ಗೋಣಿತಾಟು ಏನೆಂದು ಕೇಳಿದಳು. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಇಡ್ಲಿ, ಲೋಕಲ್ಲಿನ ಚರ್ಚೆ, ಠರಾವು. ಪತ್ರದ ವಿಷಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಆಕೆ ಕೂಸನ್ನು ತೊಡೆಯ ಮೇಲೆ ಹೊರಳಿಸಿಕೊಳ್ಳುತ್ತ ಕೇಳಿದಳು:

“ಇಷ್ಟು ಮಂದಿ ಇದ್ದೀರಿ. ಯಾರರೆ ಹೋಗಿ ಅವರನ್ನ ಕೇಳೀರೇನು, ಏನಾಗೇದ ಅಂತ?”

ನಾನು ನೆನಪು ಮಾಡಿಕೊಂಡೆ. ಯಾರೂ ಕೇಳಿರಲಿಲ್ಲ.

ಮರುದಿನ ಶನಿವಾರ, ನನಗೆ ಅರ್ಧ ದಿನ. ಮನೆಗೆ ಬಂದಾಗ ಹೆಂಡತಿ ಎದುರು ಮನೆಯ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ಕೂಸು, ಕೈಯಲ್ಲಿ ತವರಿನಿಂದ ತಂದ ಅಂಟಿನ ಉಂಡೆಯ ಡಬ್ಬಿ. ಮೊಲದ ಮಾತನ್ನೇ ಎತ್ತಲಿಲ್ಲ. ಆ ಮನೆಯಾಕೆಯ ಅತ್ತೆಯ ಆರೋಗ್ಯ ಕೇಳಿದಳು, ಒಳಗೆ ಹೋಗಿ ಮುದುಕಿಯ ಕೈ ಹಿಡಿದು ಕೂತಳು. ನಾನು ನಮ್ಮ ಹೊಸ್ತಿಲಲ್ಲಿ ಪೇಪರು ಓದುವವನಂತೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಅರ್ಧ ತಾಸಿನ ನಂತರ ಎದುರು ಮನೆಯಾಕೆಯೇ ಮಾತು ತೆಗೆದರು.

“ಎಂತ ಮಾಡುದು ಅಕ್ಕ. ಇವರು ತಂದಿಟ್ರು, ಹೊಟೇಲಿಗೆ ಹೋದ್ರು. ಮಗಳಿಗೆ ಅದು ಕಚ್ಚಿತು, ಬೈತಾರೆ ಅಂತ ನನ್ನ ಹತ್ರ ಸಹ ಎಷ್ಟೋ ದಿನ ಹೇಳ್ಲಿಲ್ಲ ಅವಳು. ನಾನು ಅತ್ತೆಯನ್ನು ನೋಡುದಾ, ಅದನ್ನು ನೋಡುದಾ? ಬೆಳಿಗ್ಗೆ ಎದ್ರೆ ಮೊದಲು ಅದರ ನೆನಪೇ ಆಗ್ತದೆ. ಹಾಗೇ ಕೆಲಸ ಶುರುವಾಗ್ತದೆ, ಮರ್ತು ಹೋಗ್ತದೆ.”

“ಹೋಗಲಿ ಬಿಡ್ರಿ. ಬರ್ರಿ, ಇಬ್ಬರೂ ಕೂಡಿ ನೋಡೋಣು” ಎಂದಳು ನನ್ನ ಹೆಂಡತಿ.

ಇಬ್ಬರೂ ಗೋಣಿತಾಟು ಎತ್ತಿದರು. ನನ್ನನ್ನು ಕರೆದು ಕೂಸನ್ನು ಕೈಗೆ ಕೊಟ್ಟರು. ಆ ಹೊತ್ತಿಗೆ ನನ್ನಿಂದ ಆಗಬಹುದಾದ ಉಪಕಾರ ಅದೊಂದೇ ಇತ್ತು. ಪೆಟ್ಟಿಗೆ ತೊಳೆದು, ಒಣಗಿದ ಗೋಣಿ ಹಾಸಿ, ಬಟ್ಟಲು ತುಂಬ ನೀರಿಟ್ಟರು. ಮೊಲ ಬಟ್ಟಲಿಗೆ ಮುಖ ಹಾಕಿ ತೆಗೆಯಲೇ ಇಲ್ಲ. ಅಷ್ಟು ಸಣ್ಣ ಪ್ರಾಣಿ ಅಷ್ಟು ಹೊತ್ತು ಕುಡಿಯುವುದನ್ನು ನಾನು ನೋಡಿರಲಿಲ್ಲ. ನೀರಿನ ಡ್ರಮ್ಮು ನಮ್ಮ ಬಾಗಿಲ ಹಿಂದೆಯೇ ಇತ್ತು.

ಆಗ ಹುಡುಗಿ ಶಾಲೆಯಿಂದ ಬಂದಳು. ದೂರದಲ್ಲೇ ನಿಂತು, “ಉಸ್‌ಕೆ ದಾಂತ್ ದೇಖೋ ನಾ, ಆಂಟಿ” ಎಂದು ಮೊಲದ ಹಲ್ಲು ತೋರಿಸಿದಳು. ತಿಂಗಳುಗಟ್ಟಲೆ ಇಡೀ ಕಟ್ಟಡ ನೋಡಿಯೂ ಕಾಣದ್ದನ್ನು ಆ ಹುಡುಗಿ ಕಂಡಿದ್ದಳು. ಮೊಲದ ಕೆಳಗಿನ ಎರಡು ಹಲ್ಲು ಉದ್ದ ಬೆಳೆದು ಮೂಗಿನ ಹತ್ತಿರ ಬಂದಿದ್ದವು, ಮೇಲಿನವು ಒಳಗೆ ಬಾಗಿದ್ದವು. ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಸೊಕ್ಕು ಅಂದದ್ದು ಇದಕ್ಕೆ.

ಡಾಕ್ಟರು ಬೇಕಿತ್ತು. ಡೊಂಬಿವಲಿಯಲ್ಲಿ ಮನುಷ್ಯರ ಡಾಕ್ಟರು ಗಲ್ಲಿಗೊಬ್ಬರು, ದನದವರು ಕಲ್ಯಾಣದಲ್ಲಿ, ಎಮ್ಮೆ ಕಟ್ಟುವ ತಬೇಲಾಗಳ ಕಡೆ. ಭಾನುವಾರ ನಾನೂ ಮ್ಯಾನೇಜರರೂ ಹೊರಟೆವು. ಅದನ್ನು ಏರ್ಪಾಡು ಮಾಡಿದವರು ಇಬ್ಬರು ಹೆಂಗಸರು, ನಮ್ಮನ್ನು ಕೇಳಲಿಲ್ಲ. ಹೊಟೇಲಿನ ಬಿದಿರಿನ ಬುಟ್ಟಿಯಲ್ಲಿ ಮೊಲ, ಅದರ ಮೇಲೆ ಒದ್ದೆ ಬಟ್ಟೆ. ಪ್ಲ್ಯಾಟ್‌ಫಾರ್ಮಿನ ಮೇಲೆ ಇಬ್ಬರೂ ಗಾಡಿಯ ಹೊತ್ತು ತೋರಿಸುವ ಇಂಡಿಕೇಟರನ್ನು ಅಗತ್ಯಕ್ಕಿಂತ ಹೆಚ್ಚು ಸಲ ಓದಿದೆವು.

ದನದ ಡಾಕ್ಟರು ಬುಟ್ಟಿಯೊಳಗೆ ನೋಡಿ, ಇಪ್ಪತ್ತು ವರ್ಷದಲ್ಲಿ ತನ್ನ ಪೇಶಂಟನ್ನು ಎತ್ತಿ ಟೇಬಲ್ಲಿನ ಮೇಲಿಡುವ ಅವಕಾಶ ಇದೇ ಮೊದಲೆಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ನಗಲಿಲ್ಲ. ಸಣ್ಣ ಕಟರಿನಿಂದ ಹಲ್ಲನ್ನು ಚೂರುಚೂರೇ ಕತ್ತರಿಸಿದರು. ಮೊಲವನ್ನು ಮ್ಯಾನೇಜರರು ಎರಡೂ ಕೈಯಿಂದ ಹಿಡಿದಿದ್ದರು. ನೂರು ಗಿರಾಕಿಗಳ ಗಲಾಟೆಯನ್ನು ಕಣ್ಣಿನಲ್ಲೇ ಅಡಗಿಸುವ ಆ ಮನುಷ್ಯ ಕಟರಿನ ಪ್ರತಿ ಸದ್ದಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇದರ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಹುಲ್ಲು ಅಗಿದರಷ್ಟೇ ಸವೆಯುತ್ತದೆ, ದಿನಾ ಹುಲ್ಲು ಹಾಕಿ, ನೀರು ಎಂದೂ ತಪ್ಪಬಾರದು, ತಿಂಗಳಿಗೊಮ್ಮೆ ಹಲ್ಲು ತೋರಿಸಿ ಎಂದರು ಡಾಕ್ಟರು. ಏನು ಹಾಕುತ್ತಿದ್ದಿರಿ ಎಂದು ಕೇಳಿದರು. ಮ್ಯಾನೇಜರರು ತಗ್ಗಿದ ದನಿಯಲ್ಲಿ ಇಡ್ಲಿ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಚಟ್ನಿ ಹಾಕಿಲ್ಲವಲ್ಲ ಎಂದು ಕೇಳಿ ಮತ್ತೆ ಬರೆದರು.

ವಾಪಸು ಬರುವಾಗ ರೈಲಿನ ಡಬ್ಬಿ ಖಾಲಿಯಿತ್ತು. ಗಾಡಿ ಠಾಕುರ್ಲಿಯಲ್ಲಿ ಸಿಗ್ನಲ್ಲಿಗಾಗಿ ನಿಂತಿತು. ಇನ್ನು ತಡೆಯಲಾರದೆ ನಾನು, ಆ ಪತ್ರ ಬರೆದವನು ನಾನೇ ಎಂದೆ.

“ಗೊತ್ತುಂಟು ಮಾರಾಯ್ರೆ” ಎಂದರು ಅವರು ಬುಟ್ಟಿಯನ್ನು ನೋಡುತ್ತ. “ನೀರಿನ ಟ್ಯಾಂಕರಿಗೆ ನೀವು ಸೊಸೈಟಿಗೆ ಟೈಪ್ ಮಾಡಿ ಕೊಟ್ಟ ಅರ್ಜಿಯಲ್ಲಿ ಸಹ ಇಂಗ್ಲಿಷ್ ‘ಇ’ ಅಕ್ಷರದ ಹೊಟ್ಟೆ ಶಾಯಿ ತುಂಬಿ ಮುಚ್ಚಿಕೊಂಡೇ ಇತ್ತಲ್ಲ.”

ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

“ಬಂತು, ಒಂದು ದಿನ. ಆಮೇಲೆ ನಾಚಿಕೆ ಆಯ್ತು. ಗೋಣಿ ಹಾಕಿದ್ದು ಸಿಟ್ಟಿಗಲ್ಲ, ನಾಚಿಕೆಗೆ. ನೀವು ಬಂದು ಬಾಗಿಲು ತಟ್ಟಿ ಎದುರಿಗೇ ಬೈದಿದ್ರೆ ಒಳ್ಳೇದಿತ್ತು.”

ಗಾಡಿ ಹೊರಟಿತು. ಮೊಲ ಬುಟ್ಟಿಯೊಳಗೆ ಡಾಕ್ಟರು ಕೊಟ್ಟ ಹುಲ್ಲನ್ನು ಅಗಿಯುತ್ತಿತ್ತು. ಆ ಸದ್ದು ಇಬ್ಬರಿಗೂ ಕೇಳುತ್ತಿತ್ತು.

ಅಲ್ಲಿಂದ ಕೆಲಸಗಳು ಹಂಚಿಕೆಯಾದವು. ಹೊಟೇಲಿನಿಂದ ಇಡ್ಲಿಯ ಬದಲು ಕೊತ್ತಂಬರಿಯ ದಂಟು, ಮೂಲಂಗಿ ಸೊಪ್ಪು ಬರತೊಡಗಿತು. ಹುಲ್ಲು ತರುವುದು ನನ್ನ ಪಾಲಿಗೆ ಬಂತು. ದಿನ ಬಿಟ್ಟು ದಿನ ಸಂಜೆ ಸ್ಟೇಶನ್ನಿನಿಂದ ಊರ ಹೊರಗಿನ ಒಂದು ಸಣ್ಣ ತಬೇಲಾದ ಕಡೆ ಸುತ್ತು ಹಾಕಿ, ಆಫೀಸಿನ ಚೀಲದಲ್ಲಿ ಹಸಿಹುಲ್ಲಿನ ಕಟ್ಟು ಇಟ್ಟುಕೊಂಡು ಬರುತ್ತಿದ್ದೆ. ಒಂದು ಬೆಳಿಗ್ಗೆ ಲೋಕಲ್ಲಿನಲ್ಲಿ ಚೀಲದಿಂದ ಹುಲ್ಲುಕಡ್ಡಿ ಉದುರಿದಾಗ ನಮ್ಮ ಗುಂಪಿಗೆ ವಿಷಯ ತಿಳಿಸಬೇಕಾಯಿತು. ಎಲ್ಲರೂ ಮೆಚ್ಚಿದರು. ಆದರೆ ಡೊಂಬಿವಲಿಯಿಂದ ಮುಂಬ್ರಾವರೆಗಿನ ಮಾತಿಗೆ ವಿಷಯ ಇಲ್ಲದೆ ಹೋಯಿತೆಂದು ಅವರಿಗೆ ಸ್ವಲ್ಪ ಬೇಸರವಾದದ್ದೂ ಕಂಡಿತು. ಮುಂದಿನ ವಾರ ಬೇರೆ ಯಾರದೋ ಗಿಣಿ ಸಿಕ್ಕಿತು. ನೀವು ಅವರ ಮನೆಗೆ ಹೋಗಿದ್ದಿರಾ ಎಂದು ನಾನು ಕೇಳಿದೆ. ಆ ದಿನದಿಂದ ನನ್ನ ಸೀಟು ಕಿಟಕಿಯಿಂದ ನಾಲ್ಕನೆಯದಾಯಿತು, ಮೂವರ ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂರಬಹುದಾದ ಜಾಗ.

ಹುಡುಗಿಗೆ ಮೊಲದ ಹೆದರಿಕೆ ಹೋಗಲು ಮಳೆಗಾಲ ಮುಗಿಯಬೇಕಾಯಿತು. ನನ್ನ ಹೆಂಡತಿ ಅವಸರ ಮಾಡಲಿಲ್ಲ. ದಿನಾ ಸಂಜೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಪೆಟ್ಟಿಗೆಯ ಬಾಗಿಲು ತೆಗೆದು ಮೊಲವನ್ನು ಗ್ಯಾಲರಿಯಲ್ಲಿ ಓಡಾಡಲು ಬಿಡುತ್ತಿದ್ದಳು. ಹುಡುಗಿ ಮೊದಲು ಹೊಸ್ತಿಲಲ್ಲಿ ಕೂತಳು, ಆಮೇಲೆ ಹೊಸ್ತಿಲ ಹೊರಗೆ. ದಸರೆಯ ಹೊತ್ತಿಗೆ ಮೊಲ ಅವಳ ಫ್ರಾಕಿನ ಮೇಲೆ ಕಾಲು ಚಾಚಿ ಮಲಗುತ್ತಿತ್ತು. ಮುದುಕಿಯ ಮಂಚವನ್ನು ಬಾಗಿಲ ಹತ್ತಿರ ಸರಿಸಿದರು. ಆಕೆಗೆ ಮಾತು ನಿಂತಿತ್ತು, ಆದರೆ ನೀರಿನ ಬಟ್ಟಲು ಒಣಗಿದರೆ ಎಡಗೈಯಿಂದ ಮಂಚವನ್ನು ಬಡಿಯುತ್ತಿದ್ದರು. ಸೆಕ್ರೆಟರಿಯವರು ಒಂದು ದಿನ ಮೇಲೆ ಬಂದು, ಸೊಸೈಟಿಯ ಠರಾವಿನಿಂದ ಪರಿಸ್ಥಿತಿ ಸುಧಾರಿಸಿದ್ದು ಸಂತೋಷ ಎಂದು ಹೇಳಿ ಹೋದರು.

ಮುಂದಿನ ಮೇ ತಿಂಗಳಲ್ಲಿ ಎದುರು ಮನೆಯವರು ಊರಿಗೆ ಹೊರಟರು. ಮ್ಯಾನೇಜರರು ಬೀಗದ ಕೈಯ ಜೊತೆಗೆ ನನ್ನ ಹೆಂಡತಿಗೆ ಎರಡು ಪುಟದ ಸೂಚನೆಗಳನ್ನು ಕೊಟ್ಟರು: ಹುಲ್ಲು ಎಷ್ಟು, ನೀರು ಎಷ್ಟು ಸಲ, ಬಿಸಿಲು ಬಂದಾಗ ಪೆಟ್ಟಿಗೆ ಯಾವ ಕಡೆ ಸರಿಸಬೇಕು. ಎಲ್ಲವೂ ಅವರಿಗೆ ಅವಳೇ ಹೇಳಿಕೊಟ್ಟದ್ದು. ಆಕೆ ಅದನ್ನು ಗಂಭೀರವಾಗಿ ಪೂರ್ತಿ ಓದಿ, ಮೂರನೇ ಸಾಲಿನಲ್ಲಿ ಒಂದು ಅನುಮಾನ ಕೇಳಿ, ಡಬ್ಬಿಯಲ್ಲಿಟ್ಟುಕೊಂಡಳು.

ಎರಡು ವರ್ಷದ ಮೇಲೆ ಅವರು ನವಿ ಮುಂಬೈಯಲ್ಲಿ ಸ್ವಂತ ಹೊಟೇಲು ಹಾಕಿ ಕೋಪರಖೈರಣೆಗೆ ಮನೆ ಬದಲಿಸಿದರು. ಸಾಮಾನಿನ ಟೆಂಪೋದಲ್ಲಿ ಕಪಾಟು, ಮಂಚ, ಟಿ.ವಿ. ಹಿಂದೆ ಹೋದವು. ಮುಂದೆ ಡ್ರೈವರನ ಪಕ್ಕದಲ್ಲಿ ಮ್ಯಾನೇಜರರು ಕೂತರು, ತೊಡೆಯ ಮೇಲೆ ಬಿದಿರಿನ ಬುಟ್ಟಿ. ತಿಂಗಳ ನಂತರ ಹುಡುಗಿಯಿಂದ ನನ್ನ ಹೆಂಡತಿಗೆ ಒಂದು ಕಾರ್ಡು ಬಂತು, ಮರಾಠಿಯಲ್ಲಿ. ಇಲ್ಲಿ ಸುತ್ತಲೂ ಖಾಲಿ ಪ್ಲಾಟುಗಳಿವೆ, ಎಲ್ಲದರಲ್ಲೂ ಹುಲ್ಲಿದೆ, ಅಂಕಲ್‌ಗೆ ಇನ್ನು ಹುಲ್ಲಿನ ಚಿಂತೆ ಮಾಡಬೇಡಿ ಅಂತ ಹೇಳಿ ಎಂದು ಬರೆದಿದ್ದಳು.