ಚಂದ್ರಾಮಪ್ಪನ ‘ಹೂಂರಿ’

ಚಂದ್ರಾಮಪ್ಪನಂಥ ವಿಧೇಯ ಆಳು ಇನ್ನೊಬ್ಬನಿಲ್ಲ ಎಂದು ಅಫಜಲಪುರದ ಆ ಬೇಳೆ ಮಿಲ್ಲಿನ ಸಾವಕಾರರು ಬಂದವರೆದುರು ಹೊಗಳುತ್ತಿದ್ದರು. ಯಾರು ಏನು ಹೇಳಿದರೂ ಅವನು ‘ಹೂಂರಿ’ ಎನ್ನುತ್ತಿದ್ದ. ಅದು ವಿಧೇಯತೆಯಲ್ಲ, ಕಿವುಡು. ತೊಗರಿ ಒಡೆಯುವ ಯಂತ್ರದ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಅವನ ಕಿವಿಗಳು ಕೈಕೊಟ್ಟಿದ್ದವು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ರೇವಮ್ಮನಿಗೆ ಮಾತ್ರ. ಮೂರನೆಯವರಿಗೆ ತಿಳಿದರೆ ಕೆಲಸ ಹೋಯಿತೆಂದೇ ಇಬ್ಬರೂ ನಂಬಿದ್ದರು. ನಂಬದೆ ಏನು ಮಾಡಿಯಾರು? ಅದೇ ಮಿಲ್ಲಿನಲ್ಲಿ ದುಡಿಯುತ್ತಿದ್ದ ತುಳಜಾಬಾಯಿಯ ಗಂಡನ ಬೆರಳು ಯಂತ್ರ ತಿರುಗಿಸುವ ಪಟ್ಟಾಕ್ಕೆ ಸಿಕ್ಕು ತುಂಡಾದಾಗ ಸಾವಕಾರರು ಅವನಿಗೊಂದು ಹೊಸ ಧೋತರ ಕೊಟ್ಟು, ಬೆನ್ನು ತಟ್ಟಿ, ಮನೆಗೆ ಕಳಿಸಿಬಿಟ್ಟಿದ್ದರು.

ಮಿಲ್ಲು ಓಡುವಾಗ ಚಂದ್ರಾಮಪ್ಪನಿಗೆ ಚಿಂತೆಯಿರಲಿಲ್ಲ. ಆ ಸದ್ದಿನಲ್ಲಿ ಎಲ್ಲರೂ ಕಿವುಡರೇ, ಕೈಸನ್ನೆಯಲ್ಲೇ ಕೆಲಸ ಸಾಗುತ್ತಿತ್ತು. ಕರೆಂಟು ಹೋದಾಗ ಮಾತ್ರ ಸಿಕ್ಕಿಬೀಳುವ ಅಂಜಿಕೆ. ೧೯೮೦ರ ಆಸುಪಾಸಿನಲ್ಲಿ ಕರೆಂಟು ಹೋಗದ ದಿನವೆಲ್ಲಿತ್ತು? ಯಂತ್ರ ನಿಂತಿತೆಂದರೆ ಎಲ್ಲರೂ ಬೇವಿನ ಗಿಡದ ಕೆಳಗೆ ಹರಟೆಗೆ ಕೂರುತ್ತಿದ್ದರು, ಇವನು ಕಸಬರಿಗೆ ಹಿಡಿದು ಹೊಟ್ಟು ಗುಡಿಸಲು ಹೋಗುತ್ತಿದ್ದ. ದೂಳಿಗೆ ಗಂಟಲು ಒಣಗಬಾರದೆಂದು ಅಲ್ಲಿ ಎಲ್ಲರ ಬಾಯಲ್ಲೂ ಎಲೆ-ಅಡಿಕೆ. ತುಂಬಿದ ಬಾಯಿಯ ತುಟಿ ಓದುವುದಾದರೂ ಹೇಗೆ? ಇಬ್ಬರು ನಕ್ಕರೆ ಸಾಕು, ತನ್ನ ಬಗ್ಗೆಯೇ ನಗುತ್ತಿದ್ದಾರೆ ಎಂದು ಅವನ ಮೈ ಉರಿಯುತ್ತಿತ್ತು.

ಹೀಗಿರುವಾಗ ಯಂತ್ರ ರಿಪೇರಿಗೆಂದು ಗುಲಬರ್ಗಾದಿಂದ ಖಾಜಾ ಎಂಬ ಹೊಸ ಮಿಸ್ತ್ರಿ ಬಂದ. ಅವನದೊಂದು ಚಾಳಿ ಚಂದ್ರಾಮಪ್ಪನ ಕಣ್ಣಿಗೆ ಬಿತ್ತು. ತನ್ನ ಹತ್ತಿರ ಬರುವ ಮೊದಲು ಈ ಮನುಷ್ಯ ಬಾಗಿಲಾಚೆ ಹೋಗಿ ಉಗುಳಿ ಬರುತ್ತಾನೆ. ಬೇರೆಯವರ ಜತೆ ಬಾಯಿ ತುಂಬ ಎಲೆ ಇಟ್ಟುಕೊಂಡೇ ಮಾತಾಡುತ್ತಾನೆ. ಅಪಶಕುನದ ಮುಖ ಕಂಡರೆ ಜನ ಉಗುಳುವುದುಂಟಲ್ಲ, ಹಾಗೆ. ಇದನ್ನು ಕೆಲವು ದಿನ ನುಂಗಿಕೊಂಡ ಚಂದ್ರಾಮಪ್ಪ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ.

“ನನ್ನ ಮಾರಿ ನೋಡಿ ಯಾಕ ಉಗುಳ್ತೀರಿ ಮಿಸ್ತ್ರಿ?”

ಖಾಜಾ ಎದುರಿಗೇ ನಿಂತು ಮೆಲ್ಲಗೆ ಹೇಳಿದ. “ನಮ್ಮ ಅಮ್ಮೀಗೂ ಕಿವಿ ಕೇಳಂಗಿಲ್ರಿ. ಬಾಯಾಗ ಎಲಿ ಇಟ್ಕೊಂಡು ಮಾತಾಡಿದ್ರ ತುಟಿ ತಿಳಿಯಂಗಿಲ್ಲಂತ ಬೈತಾಳ. ನಿಮಗೂ ತ್ರಾಸ ಆಗ್ತಿರಬೇಕು ಅಂತ ಉಗುಳಿ ಬರ್ತೇನಿ.”

ಬೇರೆ ಯಾರಾದರೂ ಆಗಿದ್ದರೆ ಹಗುರಾಗುತ್ತಿದ್ದರು. ಚಂದ್ರಾಮಪ್ಪನಿಗೆ ಮಾತ್ರ ಗುಟ್ಟು ಬಯಲಾಯಿತೆಂದು ದಿಗಿಲಾಯಿತು.

“ನನಗ ಎಲ್ಲಾ ಕೇಳ್ತದ” ಎಂದ.

“ಆಯ್ತು ಬಿಡ್ರಿ. ಕೇಳಿಸದಿದ್ರ ಇನ್ನೊಮ್ಮೆ ಹೇಳು ಅನ್ರಿ, ಅಷ್ಟ. ನಾ ಯಾರ ಮುಂದೂ ಆಡಂಗಿಲ್ಲ.”

ಮನೆಯಲ್ಲಿ ಇದನ್ನು ಕೇಳಿದ ರೇವಮ್ಮ ಗಂಡನ ಎದುರಿಗೆ ಕೂತು, “ಸಾವಕಾರನೇ ಅವಂಗ ಕಲಿಸಿ ಕೊಟ್ಟಾನ. ನಿನ್ನ ಬಾಯಿ ಬಿಡಸಾಕ ಹಚ್ಯಾರ, ಹುಷಾರು” ಎಂದಳು. ಮರುದಿನವೇ ಸಾವಕಾರರೊಂದಿಗೆ ಖಾಜಾ ಚಹಾ ಕುಡಿಯುವುದು ಕಂಡು ಚಂದ್ರಾಮಪ್ಪನಿಗೆ ಹೆಂಡತಿಯ ಮಾತು ನೂರಕ್ಕೆ ನೂರು ನಿಜವೆನಿಸಿತು. ಅಂದಿನಿಂದ ಖಾಜಾ ಹೇಳಿದ್ದಕ್ಕೆಲ್ಲ ಇನ್ನೂ ಜೋರಾಗಿ ‘ಹೂಂರಿ’ ಎನ್ನತೊಡಗಿದ.

ಒಂದು ಮಧ್ಯಾಹ್ನ ಕಾಳು ಮೇಲೇರಿಸುವ ಯಂತ್ರ ಕಟ್ಟಿಕೊಂಡಿತು. ಆ ಹೊತ್ತಿಗೇ ಕರೆಂಟೂ ಹೋಯಿತು. ನಟ್ಟು ಬಿಚ್ಚುವ ಪಾನಾ ಹಿಡಿದು ಯಂತ್ರದ ಹಿಂದಿನ ತಗ್ಗಿಗೆ ಇಳಿಯುತ್ತ ಖಾಜಾ ಏನೋ ಹೇಳಿದ. ಅವಸರದಲ್ಲಿ ಮುಖ ಅತ್ತ ತಿರುಗಿತ್ತು. ಸ್ವಿಚ್ಚಿನ ಬಳಿ ನಿಂತಿದ್ದ ಚಂದ್ರಾಮಪ್ಪ ರೂಢಿಯಂತೆ ‘ಹೂಂರಿ’ ಎಂದ.

ಸ್ವಲ್ಪ ಹೊತ್ತಿಗೆ ಬಾಗಿಲ ಮೇಲಿನ ಬಲ್ಬು ಹತ್ತಿತು. ಸಾವಕಾರರು ಬಾಗಿಲಲ್ಲಿ ನಿಂತು, ಹಾಕು ಎಂದು ಕೈ ಬೀಸಿದರು. ಚಂದ್ರಾಮಪ್ಪನ ಕೈ ಹಿಡಿಕೆಯ ಮೇಲೆ ಕೂತಿತು. ಮಿಸ್ತ್ರಿ ಏನು ಹೇಳಿದ್ದ? ಕರೆಂಟು ಬಂದ ಕೂಡಲೇ ಹಾಕು ಅಂದನೋ, ನಾ ಬರುವ ತನಕ ಹಾಕಬೇಡ ಅಂದನೋ? ಕೇಳಿದರೆ ಕೆಲಸ ಹೋಗುತ್ತದೆ. ಇದೇ ಅವರು ಹೂಡಿದ ಆಟವಿದ್ದರೆ? ಒಳಗೊಬ್ಬ ಮನುಷ್ಯನ ಜೀವವಿರುವಾಗಲೂ ಅವನ ತಲೆಗೆ ಬಂದದ್ದು ಇದು. ಸಂಶಯ ಅಂಥ ಹಾಳು ರೋಗ. ಸಾವಕಾರರು ಮತ್ತೆ ಕೈ ಬೀಸಿದರು.

ಚಂದ್ರಾಮಪ್ಪ ಹಿಡಿಕೆ ಬಿಟ್ಟ.

“ಸಾವಕಾರ್ರ, ನನಗ ಕಿವಿ ಕೇಳಂಗಿಲ್ರಿ. ಮಿಸ್ತ್ರಿ ಏನಂದ್ರೋ ತಿಳೀಲಿಲ್ಲ. ನಾ ಹಾಕಂಗಿಲ್ಲ.”

ತನ್ನ ದನಿ ಎಷ್ಟು ದೊಡ್ಡದೆಂಬುದು ಅವನಿಗೆ ಗೊತ್ತಾಗುವಂತಿರಲಿಲ್ಲ. ಗೋಣಿ ಹೊಲಿಯುತ್ತಿದ್ದ ಮಲ್ಲಣ್ಣ ಸೂಜಿ ಕೆಳಗಿಟ್ಟ. ಕಾಳು ಹಸನು ಮಾಡುವ ಹೆಂಗಸರು ಮೊರ ನಿಲ್ಲಿಸಿದರು. ತಗ್ಗಿನಿಂದ ಖಾಜಾ ಮೇಲೆ ಬಂದ. ಭುಜದವರೆಗೂ ಹೊಟ್ಟು ಮೆತ್ತಿತ್ತು, ಮುಖ ಬಿಳಿಚಿತ್ತು.

“ನನ್ನ ಕೈ ಪಟ್ಟಾದೊಳಗ ಇತ್ರಿ” ಎಂದ, ಸಾವಕಾರರಿಗೆ. ಆಮೇಲೆ ಚಂದ್ರಾಮಪ್ಪನಿಗೂ ಕಾಣುವಂತೆ ತಿರುಗಿ ನಿಂತ. “ಸ್ವಿಚ್ ಹತ್ರ ಇವರೇ ಇರಬೇಕು. ಕೇಳಿಸಲಿಲ್ಲ ಅಂತ ಹೇಳೋ ಮನಷ್ಯಾ ಬೇಕು ನನಗ. ಇವರನ್ನ ಕಳಿಸಿದ್ರ ನಾನೂ ಹೋಗ್ತೇನಿ.”

ಸಾವಕಾರರು ಚಂದ್ರಾಮಪ್ಪನನ್ನು ನೋಡಿದರು, ಖಾಜಾನನ್ನು ನೋಡಿದರು. ಒಳ್ಳೆಯ ಮಿಸ್ತ್ರಿ ಸಿಗುವುದು ಕಷ್ಟವೆಂಬುದೂ ಅವರಿಗೆ ಹೊಳೆದಿರಬೇಕು. “ಇರ್ಲಿ ಬಿಡು” ಎಂದರು.

ಯಾರೂ ಕೆಲಸಕ್ಕೆ ಕೈ ಹಚ್ಚಲಿಲ್ಲ. ಆಗ ಮಲ್ಲಣ್ಣ ಎದ್ದು ನಿಂತ, ಕಿವಿ ಮುಟ್ಟಿ ತೋರಿಸಿದ.

“ನನಗೂ ಈ ಕಡೀದು ಕೇಳಂಗಿಲ್ರಿ. ಹೇಳಾಕ ಅಂಜ್ತಿದ್ದೆ.”

ಮೊರ ಹಿಡಿದಿದ್ದ ಮಾಳಮ್ಮ ಅವನನ್ನೇ ನೋಡುತ್ತಿದ್ದಳು. ಅವಳೂ ಮೆಲ್ಲಗೆ ತನ್ನ ಕಿವಿಯತ್ತ ಕೈ ಎತ್ತಿದಳು.