ಊರಿನ ಸಭೆಯ ಪತ್ರ

ಮಾದಾಪುರದ ಹತ್ತಿರದ ನಮ್ಮ ಚರ್ಚು ಏಕೆ ಬೆಳೆಯಲಿಲ್ಲ ಎಂದು ಕೇಳಿದರೆ ಕೆಲವರು ಮೊಬೈಲನ್ನು ಬೈಯುತ್ತಾರೆ, ಕೆಲವರು ಕಾಲ ಕೆಟ್ಟಿತು ಅನ್ನುತ್ತಾರೆ. ಸುಳ್ಳು. ಕಾರಣ ನಾನು.

ವಾರದಲ್ಲಿ ಆರು ದಿನ ನಾನು ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವುದು, ಆಧಾರ್ ಕಾರ್ಡು ನೋಡದೆ ಯಾರಿಗೂ ಕೂಲಿಯವರ ಲೈನಿನಲ್ಲಿ ಮನೆ ಕೊಡದಿರುವುದು ನನ್ನ ಕೆಲಸ. ಭಾನುವಾರ ಚರ್ಚಿನ ಸಭೆಯ ಹಿರಿಯ. ಆರಾಧನೆಗೆ ಸೇರುತ್ತಿದ್ದವರು ಹನ್ನೊಂದು ಜನ. ಅದರಲ್ಲಿ ಇಬ್ಬರಿಗೆ ಕಿವಿ ಕೇಳದು. ಜನ ಹೆಚ್ಚದಿದ್ದರೆ ಈಸ್ಟರ್ ಕಳೆದ ಮೇಲೆ ಬಾಗಿಲು ಹಾಕುವುದೇ ಸೈ ಎಂದು ತಿಂಗಳಿಗೊಮ್ಮೆ ಬರುವ ಪಾದ್ರಿಗಳು ಹೇಳಿದ್ದರು. ಅಪ್ಪ ಅಮ್ಮ ಇಬ್ಬರನ್ನೂ ಆ ಚರ್ಚಿನ ಹಿಂದೆಯೇ ಮಣ್ಣು ಮಾಡಿದ್ದೇವೆ.

ಆಗಲೇ ಕಾಫಿ ಹಣ್ಣಿನ ಪಿಕ್ಕಿಂಗಿಗೆಂದು ಜಾರ್ಖಂಡಿನಿಂದ ಆರು ಸಂಸಾರ ಬಂದವು. ಮೊದಲ ಭಾನುವಾರವೇ ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚಿ, ಎರಡು ಮೈಲಿ ನಡೆದು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕನ್ನಡದ ಒಂದು ಪದ ತಿಳಿಯದಿದ್ದರೂ ರಾಗ ಹಿಡಿದು ನಮಗಿಂತ ಜೋರಾಗಿ ಹಾಡಿದರು. ಆ ಹೆಂಚಿನಡಿ ಕೂಸಿನ ಅಳು ಕೇಳಿ ಎಷ್ಟು ವರ್ಷವಾಗಿತ್ತೋ! ನನ್ನ ಕಣ್ಣು ತುಂಬಿತ್ತು.

ಕಾಗದ ಕೇಳುವ ಅಭ್ಯಾಸ ಬಿಡಬೇಕಲ್ಲ. ಆರಾಧನೆ ಮುಗಿದದ್ದೇ ಅವರಲ್ಲಿ ಹಿರಿಯಳಾದ ಹೆಂಗಸನ್ನು ಬಾಗಿಲಲ್ಲಿ ನಿಲ್ಲಿಸಿ, ನೀವು ಅಲ್ಲಿನ ಸದಸ್ಯರೆಂದು ಊರಿನ ಸಭೆಯಿಂದ ಪತ್ರ ತಂದಿದ್ದೀರಾ ಎಂದು ನನ್ನ ಹರುಕು ಹಿಂದಿಯಲ್ಲಿ ಕೇಳಿದೆ. ಪತ್ರವಿಲ್ಲದೆ ಸಭೆಗೆ ಸೇರಿಸುವಂತಿಲ್ಲ, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವೂ ಇಲ್ಲ ಅಂದೆ. ನಿಯಮ ಇದ್ದದ್ದು ಹೌದು. ಅವರು ಚಪ್ಪಲಿ ಮೆಟ್ಟುವ ಮೊದಲೇ ಅದನ್ನು ಹೇಳಬೇಕಿತ್ತೇ? ಬೆಂಕಿ ಬೀಳಲಿ ನನ್ನ ಶಿಸ್ತಿಗೆ. ಅವಳು ತಲೆಯಾಡಿಸಿ ಹೋದಳು. ಮುಂದಿನ ಭಾನುವಾರ ಯಾರೂ ಬರಲಿಲ್ಲ.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅನ್ನೋದು ನಿಮ್ಮಂಥೋರನ್ನ ನೋಡೇ," ಅಂದಳು ಹೆಂಡತಿ. ಹೋಗಿ ಕರೆಯಿರಿ ಎಂದು ನೂರು ಸಲ ಹೇಳಿದಳು. ಲೈನು ನಮ್ಮ ಮನೆಯಿಂದ ಕೂಗಳತೆ ದೂರ. ರೈಟರ್ ಆದವನು ಲೈನಿಗೆ ಹೋಗಿ ಬೇಡಿಕೊಳ್ಳುವುದೇ? ದಿನಾ ಹಾಜರಿಯಲ್ಲಿ ಆ ಹಿರಿಯ ಹೆಂಗಸಿನ ಮುಖ ನೋಡುತ್ತಿದ್ದೆ, ಗುರುತು ಹಾಕಿ ಕಳಿಸುತ್ತಿದ್ದೆ. ಅವಳಿಗೆ ಸಿಟ್ಟಿರಬೇಕು ಅಂದುಕೊಂಡು ನಾನೂ ಬಿಗಿದುಕೊಂಡೇ ಇದ್ದೆ.

ಈಸ್ಟರ್ ಕಳೆದ ವಾರ ಪಾದ್ರಿಗಳು ಚರ್ಚಿಗೆ ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟು ಜೀಪು ಹತ್ತಿದರು. ಲೈನಿನವರಿಗೆ ನಾನು ತಿಳಿಸಲಿಲ್ಲ.

ಮೊನ್ನೆ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಆ ಹೆಂಗಸು ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ಊರಿಗೆ ಹೋದ ತಮ್ಮನಿಗೆ ಹೇಳಿ, ತಿಂಗಳುಗಟ್ಟಲೆ ಕಾದು ತರಿಸಿದ್ದಳಂತೆ. ಸಿಟ್ಟೇ ಇರಲಿಲ್ಲ ಅವಳಿಗೆ. ನಾನು ಹೇಳಿದ್ದನ್ನು ನಂಬಿದ್ದಳು, ಅಷ್ಟೇ. ಹಿಂದಿಯಲ್ಲಿ ಗೀಚಿದ ನಾಲ್ಕು ಸಾಲು, ಕೆಳಗೊಂದು ಮೊಹರು. ಕೇಳಿ ಪಡೆದ ಪತ್ರ ನನಗೇ ಓದಲು ಬರಲಿಲ್ಲ.

"ಚಿಟ್ಠಿ ಬಂತು, ರೈಟರ್ ಸಾಬ್," ಅಂದಳು. ಅಷ್ಟರಲ್ಲಿ ಅವಳಿಗೆ ಕನ್ನಡ ಬಂದಿತ್ತು. "ಈ ಭಾನುವಾರ ನಾವು ಒಳಗೆ ಕೂರಬಹುದಾ?"

ನಾನು ತಲೆ ತಗ್ಗಿಸಿ ಪುಸ್ತಕದಲ್ಲಿದ್ದ ಮುಂದಿನ ಹೆಸರು ಕೂಗಿದೆ.